ಹಾಕಿದ್ದೇ ಗೊತ್ತಾಗದಂಥ ಕಂಪ್ರೆಸರ್ ಯಾವುದು? ಬಳಸಿದವರು ದಯವಿಟ್ಟು ತಿಳಿಸಿ

ಕೇಳಿಕೆ, ಉಡುಪಿಯಿಂದ:

ಮನೆಯ ಒಂದು ಕೋಣೆಯನ್ನು ಧ್ವನಿಮುದ್ರಣಕ್ಕೆಂದೇ ಇಟ್ಟುಕೊಂಡಿದ್ದೇನೆ. ಹೆಚ್ಚಾಗಿ ಭಾಗವತಿಕೆ, ಕೆಲವೊಮ್ಮೆ ತಾಳಮದ್ದಳೆ, ಅಪರೂಪಕ್ಕೆ ಭಾವಗೀತೆ. ಮಿಕ್ಸಿಂಗ್ (ಟ್ರ್ಯಾಕುಗಳನ್ನು ಬೆರೆಸುವ ಕೆಲಸ) ಮಾಡುವುದು ರೀಪರ್ ಎಂಬ ತಂತ್ರಾಂಶದಲ್ಲಿ. ಜೋರಾದ ಧ್ವನಿಯನ್ನು ತಗ್ಗಿಸಿ ಮಟ್ಟದ ಅಂತರ ಕುಗ್ಗಿಸುವ ಕಂಪ್ರೆಸರ್ ಹಾಕಿದ ಕೂಡಲೇ ಭಾಗವತರ ಸ್ವರವೇನೋ ಮುಂದೆ ಬರುತ್ತದೆ, ಆದರೆ ಚೆಂಡೆಯ ಪೆಟ್ಟು ಮೊಂಡಾಗುತ್ತದೆ ಮತ್ತು ಮದ್ದಳೆಯ ನಾದದಲ್ಲಿ ಒಂದು ಬಗೆಯ ಒರಟುತನ ಸೇರಿಕೊಳ್ಳುತ್ತದೆ. ಸ್ವರದ ಬಣ್ಣ ಕೆಡಿಸದೆ ಮಟ್ಟವನ್ನಷ್ಟೇ ಹತೋಟಿಯಲ್ಲಿಡುವ, ಮಿಕ್ಸಿಂಗ್ ಮತ್ತು ಮಾಸ್ಟರಿಂಗ್ (ಬೆರೆಸಿದ ಹಾಡಿಗೆ ಕೊನೆಯ ಹದ ಕೊಡುವುದು) ಎರಡಕ್ಕೂ ಒದಗುವ ಪ್ಲಗಿನ್ (ರೀಪರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಯಾವುದೆಂದು ಬಳಸಿ ನೋಡಿದವರು ತಿಳಿಸಬೇಕಾಗಿ ವಿನಂತಿ. ಹಣ ಕೊಡುವುದಕ್ಕೆ ಹಿಂಜರಿಕೆಯಿಲ್ಲ, ಕೊಟ್ಟದ್ದಕ್ಕೆ ತಕ್ಕ ಪ್ರಯೋಜನವಿದ್ದರೆ ಸಾಕು.

ಉತ್ತರ, ಮಂಗಳೂರಿನಿಂದ:

ನಮಸ್ಕಾರ. ಹಣ ಖರ್ಚು ಮಾಡುವ ಮೊದಲು ಟೋಕಿಯೋ ಡಾನ್ ಸಂಸ್ಥೆಯವರು ಉಚಿತವಾಗಿ ಕೊಡುವ ಟಿಡಿಆರ್ ಕೊಟೆಲ್ನಿಕೋವ್ ಅನ್ನು ಹಾಕಿ ನೋಡಿ. ಧ್ವನಿಯ ಅಲೆಯನ್ನು ಅಂಕಿಗಳಾಗಿಸಲು ಆಧಾರವಾದ ಮಾದರಿ ಸಂಗ್ರಹಣದ (ಸ್ಯಾಂಪ್ಲಿಂಗ್) ಪ್ರಮೇಯವನ್ನು 1933ರಲ್ಲಿ ಮಂಡಿಸಿದ ರಷ್ಯದ ವಿಜ್ಞಾನಿ ವ್ಲಾದಿಮಿರ್ ಕೊಟೆಲ್ನಿಕೋವ್ ಅವರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಹಳೆಯ ಯಂತ್ರಗಳ ಬಣ್ಣವನ್ನು ಅನುಕರಿಸುವ ಉದ್ದೇಶ ಅದಕ್ಕಿಲ್ಲ. ಹಠಾತ್ತನೆ ಬರುವ ಪೆಟ್ಟಿಗೊಂದು, ಸರಾಸರಿ ಮಟ್ಟಕ್ಕೊಂದು ಎಂದು ರಿಲೀಸ್ (ಕುಗ್ಗಿದ ಮಟ್ಟ ಮತ್ತೆ ಮೇಲೇರಲು ಹಿಡಿಯುವ ಸಮಯ) ಬೇರೆ ಬೇರೆಯಾಗಿರುವುದರಿಂದ ಚೆಂಡೆಯ ಒಂದು ಪೆಟ್ಟಿಗೆ ಮಟ್ಟ ಕುಗ್ಗಿದರೂ ಅದು ಬೇಗ ಚೇತರಿಸಿಕೊಳ್ಳುತ್ತದೆ, ಪದದ (ಭಾಗವತರ ಹಾಡಿನ) ಏರಿಳಿತಕ್ಕೆ ಮಾತ್ರ ನಿಧಾನವಾಗಿ ಸ್ಪಂದಿಸುತ್ತದೆ.

ನಾನು ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ನೆಚ್ಚಿಕೊಂಡಿರುವುದು ಡೆಲ್ಟಾ ಗುಂಡಿಯನ್ನು. ಅದನ್ನು ಒತ್ತಿದರೆ ಕಂಪ್ರೆಸರ್ ತೆಗೆದುಹಾಕುತ್ತಿರುವ ಭಾಗವಷ್ಟೇ ಕೇಳಿಸುತ್ತದೆ. ಭಾಗವತರು ಏರುಶ್ರುತಿಯಲ್ಲಿ ಹಾಡುವ ಜಾಗದಲ್ಲಿ ಡೆಲ್ಟಾದಲ್ಲಿ ಸ್ವರದ ಉಬ್ಬು ಮಾತ್ರ ಕೇಳಿಸಿದರೆ ಹೊಂದಾಣಿಕೆ ಸರಿಯಿದೆ. ಅದರ ಬದಲು ಟಕಟಕನೆ ಚೆಂಡೆಯ ಪೆಟ್ಟುಗಳೇ ಬಿಡಿಬಿಡಿಯಾಗಿ ಕೇಳಿಸುತ್ತಿದ್ದರೆ ಅಟ್ಯಾಕ್ (ಮಟ್ಟ ಕುಗ್ಗಿಸಲು ಹಿಡಿಯುವ ಸಮಯ) ತೀರಾ ಚುರುಕಾಗಿದೆ ಎಂದು ತಿಳಿಯಬೇಕು. ಅಟ್ಯಾಕನ್ನು 20 ಅಥವಾ 30 ಮಿಲಿಸೆಕೆಂಡಿಗೆ ಏರಿಸಿ ಮತ್ತೆ ಕೇಳಿ. ಸ್ವರಕ್ಕೆ ರೇಶಿಯೋ (ಮಿತಿ ಮೀರಿದ ಮಟ್ಟವನ್ನು ಕುಗ್ಗಿಸುವ ಪ್ರಮಾಣ) 2:1 ಇರಲಿ, ಅತಿ ಜೋರಾದ ಜಾಗದಲ್ಲೂ ಕುಗ್ಗಿದ್ದನ್ನು ತೋರಿಸುವ ಮೀಟರ್ 3 ಡೆಸಿಬೆಲ್‌ಗಿಂತ ಹೆಚ್ಚು ಇಳಿಯದಿರಲಿ.

ಮದ್ದಳೆಯ ಒರಟುತನಕ್ಕೆ ಕಾರಣ ಬಹುಮಟ್ಟಿಗೆ ರಿಲೀಸ್ ಎಂದು ನನ್ನ ಅನಿಸಿಕೆ. 80 ಹರ್ಟ್ಜ್ ನಾದದ ಒಂದು ಆವರ್ತಕ್ಕೆ 12.5 ಮಿಲಿಸೆಕೆಂಡ್ ಬೇಕು. ರಿಲೀಸ್ ಅದಕ್ಕಿಂತ ಚುರುಕಾಗಿದ್ದರೆ ಕಂಪ್ರೆಸರ್ ಒಂದೊಂದು ಅಲೆಯ ಒಳಗೇ ಮಟ್ಟವನ್ನು ಏರಿಸಿ ಇಳಿಸಿ ಅಲೆಯ ಆಕಾರವನ್ನೇ ಬದಲಿಸುತ್ತದೆ, ಆಗ ಮೂಲ ನಾದದಲ್ಲಿ ಇಲ್ಲದ ಸ್ವರಾಂಶಗಳು ಹುಟ್ಟಿಕೊಳ್ಳುತ್ತವೆ. ಎಷ್ಟೇ ದುಬಾರಿ ಪ್ಲಗಿನ್ ಆದರೂ ಇದರಿಂದ ಪಾರಾಗುವುದಿಲ್ಲ. ರಿಲೀಸನ್ನು 100 ಮಿಲಿಸೆಕೆಂಡ್ ದಾಟಿಸಿ ನೋಡಿ.

ಇನ್ನೊಂದು ಮಾತು. ಒಂದೇ ಕೋಣೆಯಲ್ಲಿ ಎಲ್ಲರೂ ಕುಳಿತಿದ್ದರೆ ಭಾಗವತರ ಮೈಕಿನೊಳಗೂ ಚೆಂಡೆ ಧಾರಾಳವಾಗಿ ಬಂದಿರುತ್ತದೆ. ಸ್ವರದ ಟ್ರ್ಯಾಕಿಗೆ ಹಾಕಿದ ಕಂಪ್ರೆಸರ್ ಆ ಚೆಂಡೆಗೆ ಬೆದರಿ ಪ್ರತಿ ಪೆಟ್ಟಿಗೂ ಸ್ವರವನ್ನು ತಗ್ಗಿಸುತ್ತದೆ. ರೀಪರ್‌ನೊಂದಿಗೇ ಬರುವ ರೀಕಾಂಪ್ ಎಂಬ ಕಂಪ್ರೆಸರ್‌ನಲ್ಲಿ ಆರ್‌ಎಂಎಸ್ ಅವಧಿಯನ್ನು (ಸರಾಸರಿ ಮಟ್ಟ ಅಳೆಯುವ ಅವಧಿಯನ್ನು) 20 ಮಿಲಿಸೆಕೆಂಡಿನ ಆಸುಪಾಸಿಗೆ ಏರಿಸಿದರೆ ಅದು ಕ್ಷಣಿಕ ಪೆಟ್ಟುಗಳಿಗೆ ಅಷ್ಟಾಗಿ ಸ್ಪಂದಿಸದೆ ಸರಾಸರಿಯನ್ನು ಹಿಂಬಾಲಿಸುತ್ತದೆ. ಆದರೂ ಮೈಕಿನ ಹಿಂಬದಿ ಚೆಂಡೆಯ ಕಡೆಗಿರುವಂತೆ ಕೂರಿಸಿಕೊಳ್ಳುವುದರಿಂದ ಆಗುವ ಉಪಕಾರ ಯಾವ ಪ್ಲಗಿನ್ನಿನಿಂದಲೂ ಆಗದು.

ಉತ್ತರ, ಮಣಿಪಾಲದಿಂದ:

ತಾಳಮದ್ದಳೆಯ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ನನ್ನ ಕೆಲಸ ಹೆಚ್ಚಾಗಿ ಅದೇ. ಅರ್ಥಧಾರಿಗಳು ಒಂದು ವಾಕ್ಯವನ್ನು ಪಿಸುಮಾತಿನಲ್ಲಿ ಮುಗಿಸಿ ಮುಂದಿನದನ್ನು ಗರ್ಜನೆಯಲ್ಲಿ ಆರಂಭಿಸುವುದುಂಟು. ಅಷ್ಟು ದೊಡ್ಡ ಅಂತರವನ್ನು ಕಂಪ್ರೆಸರ್ ಒಂದರ ಮೇಲೆಯೇ ಹೊರಿಸಿದರೆ ಮಾತು ಏದುಸಿರು ಬಿಡುವವರ ಮಾತಿನಂತೆ ಕೇಳಿಸುತ್ತದೆ. ರೀಪರ್‌ನಲ್ಲಿ ಪ್ಲಗಿನ್ನುಗಳಿಗಿಂತ ಮೊದಲೇ ಕೆಲಸ ಮಾಡುವ ಪ್ರೀ-ಎಫ್‌ಎಕ್ಸ್ ವಾಲ್ಯೂಮ್ ರೇಖೆಯಿದೆ. ಮಾತನ್ನು ಕೇಳುತ್ತಾ ಆ ರೇಖೆಯನ್ನು ಕೈಯಿಂದಲೇ ಏರಿಳಿಸಿ ಅಂತರವನ್ನು ಅರ್ಧದಷ್ಟು ಕಡಿಮೆ ಮಾಡಿಕೊಂಡರೆ ಮುಂದೆ ಕಂಪ್ರೆಸರ್‌ಗೆ 2 ಡೆಸಿಬೆಲ್‌ನ ಕೆಲಸವಷ್ಟೇ ಉಳಿಯುತ್ತದೆ, ಅಷ್ಟು ಕೆಲಸವನ್ನು ಯಾವ ಕಂಪ್ರೆಸರ್ ಆದರೂ ಗೊತ್ತಾಗದಂತೆ ಮಾಡುತ್ತದೆ. ಇದಕ್ಕೆ ಸಮಯ ಹಿಡಿಯುತ್ತದೆ, ನಿಜ. ಆದರೆ ಅರ್ಥಗಾರಿಕೆಯ ಜೀವ ಇರುವುದೇ ಆ ಏರಿಳಿತದಲ್ಲಿ, ಅದನ್ನು ಯಂತ್ರದ ತೀರ್ಮಾನಕ್ಕೆ ಒಪ್ಪಿಸಲು ನನಗೆ ಮನಸ್ಸಾಗುವುದಿಲ್ಲ.

ನಮ್ಮ ಊರಿನ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಂಪ್ರೆಸರ್‌ನಿಂದ 6 ಡೆಸಿಬೆಲ್ ಕುಗ್ಗಿಸಿ ಮೇಕಪ್‌ನಲ್ಲಿ (ಕುಗ್ಗಿದ್ದನ್ನು ತುಂಬಿಕೊಡುವ ಗುಂಡಿಯಲ್ಲಿ) ಅಷ್ಟನ್ನೇ ಏರಿಸಿದರೆ, ಮಾತು ನಿಂತ ಜಾಗಗಳಲ್ಲೆಲ್ಲ ತಗಡಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದು ಪೂರ್ತಿ 6 ಡೆಸಿಬೆಲ್ ಮೇಲೆದ್ದು ಬರುತ್ತದೆ.

ಉತ್ತರ, ಸುರತ್ಕಲ್‌ನಿಂದ:

ಮಾಸ್ಟರಿಂಗ್ ವಿಚಾರದಲ್ಲಿ ಮೊದಲ ಉತ್ತರಕ್ಕೆ ಒಂದು ತಿದ್ದುಪಡಿ ಸೂಚಿಸುತ್ತೇನೆ. 2:1 ರೇಶಿಯೋ ಒಂಟಿ ಸ್ವರಕ್ಕೆ ಸರಿ, ಇಡೀ ಮಿಕ್ಸಿಗೆ ಅದು ಹೆಚ್ಚು. 1.5:1 ಅಥವಾ ಅದಕ್ಕೂ ಕಡಿಮೆ ಇಟ್ಟು, ಥ್ರೆಶೋಲ್ಡನ್ನು (ಕಂಪ್ರೆಸರ್ ಕೆಲಸ ಆರಂಭಿಸುವ ಮಟ್ಟವನ್ನು) ಕೆಳಗೆ ತಂದು, ಮೀಟರ್ ಸದಾ 1 ಡೆಸಿಬೆಲ್‌ನ ಸುತ್ತ ಮೆಲ್ಲಗೆ ಅಲುಗಾಡುವಂತೆ ಮಾಡಿ. ಸೈಡ್‌ಚೈನ್‌ನ (ಕಂಪ್ರೆಸರ್ ಮಟ್ಟ ಅಳೆಯಲು ಕೇಳುವ ಧ್ವನಿಯ) ಹೈಪಾಸ್ ಫಿಲ್ಟರನ್ನು, ಅಂದರೆ ಕೆಳನಾದ ಸೋಸುವ ಜರಡಿಯನ್ನು, 100 ಹರ್ಟ್ಜ್‌ನ ಹತ್ತಿರ ಇಟ್ಟರೆ ಮದ್ದಳೆಯ ಕೆಳನಾದ ಇಡೀ ಹಾಡನ್ನು ಕೆಳಕ್ಕೆ ಎಳೆಯುವುದಿಲ್ಲ.

ಹಣ ಕೊಡುವುದಾದರೆ ನನ್ನ ಆಯ್ಕೆ ಫ್ಯಾಬ್‌ಫಿಲ್ಟರ್ ಪ್ರೊ-ಸಿ 2. ಅದರ ಕ್ಲೀನ್ ಮತ್ತು ಮಾಸ್ಟರಿಂಗ್ ಶೈಲಿಗಳು ನೀವು ಕೇಳಿದ ಕೆಲಸಕ್ಕೆಂದೇ ಇರುವಂಥವು. ಮುಂದಿನ ಪೆಟ್ಟನ್ನು ಮೊದಲೇ ಗಮನಿಸುವ ಲುಕ್‌ಅಹೆಡ್ 20 ಮಿಲಿಸೆಕೆಂಡಿನವರೆಗೆ ಇದೆ, ವಿಕೃತಿ ತಗ್ಗಿಸಲು ಹೆಚ್ಚು ಮಾದರಿಗಳಲ್ಲಿ ಲೆಕ್ಕ ಹಾಕುವ ಓವರ್‌ಸ್ಯಾಂಪ್ಲಿಂಗ್ ನಾಲ್ಕು ಪಟ್ಟಿನವರೆಗೆ ಸಿಗುತ್ತದೆ. ಏನು ಕುಗ್ಗುತ್ತಿದೆ ಎಂಬುದು ಪರದೆಯಲ್ಲಿ ಚಿತ್ರವಾಗಿ ಕಾಣುವುದರಿಂದ ಕೆಲಸ ಬೇಗ ಮುಗಿಯುತ್ತದೆ. ಆದರೆ ಸ್ವಚ್ಛತೆಯೊಂದನ್ನೇ ನೋಡುವುದಾದರೆ ಕೊಟೆಲ್ನಿಕೋವ್‌ಗಿಂತ ಅದು ಬಹಳ ಮುಂದಿದೆ ಎಂದು ನಾನು ಹೇಳಲಾರೆ. ಕಂಪನಿಯವರು 30 ದಿನ ಉಚಿತವಾಗಿ ಬಳಸಲು ಕೊಡುತ್ತಾರೆ, ನಿಮ್ಮದೇ ಒಂದು ಪದದ ಮೇಲೆ ಎರಡನ್ನೂ ಹಾಕಿ ಹೋಲಿಸಿ. ಹೋಲಿಸುವಾಗ ಎರಡರ ಮಟ್ಟವೂ ಸಮನಾಗಿರಬೇಕು. ಅರ್ಧ ಡೆಸಿಬೆಲ್ ಜೋರಿದ್ದರೂ ಕಿವಿ ಜೋರಾದದ್ದನ್ನೇ ಚೆನ್ನಾಗಿದೆ ಎನ್ನುತ್ತದೆ. ಎಲ್‌ಎ-2ಎ, 1176 ಮೊದಲಾದ ಹಳೆಯ ಕಂಪ್ರೆಸರ್ ಯಂತ್ರಗಳ ಅನುಕರಣೆಗಳು ಸದ್ಯಕ್ಕೆ ಬೇಡ. ಅವುಗಳನ್ನು ಜನ ಇಷ್ಟಪಡುವುದೇ ಅವು ಬಳಿಯುವ ಬಣ್ಣಕ್ಕಾಗಿ.

ಯೂಟ್ಯೂಬ್‌ಗೆಂದು ಮಟ್ಟವನ್ನು ಹಿಂಡಿ ಏರಿಸುವ ಅಗತ್ಯವೂ ಇಲ್ಲ. ತೀರಾ ಜೋರಾಗಿರುವುದನ್ನು ಅವರೇ ತಗ್ಗಿಸುತ್ತಾರೆ. ಸ್ಪಾಟಿಫೈ ಇಟ್ಟುಕೊಂಡಿರುವ ಮಟ್ಟ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳಿಸುವ ಸರಾಸರಿ ಜೋರಿನ ಅಳತೆ). ಅದರ ಹತ್ತಿರ ಇದ್ದು, ಟ್ರೂ ಪೀಕ್ (ಅಲೆಯ ನಿಜವಾದ ತುತ್ತತುದಿ) ಮೈನಸ್ 1 ಡೆಸಿಬೆಲ್ ಮೀರದಿದ್ದರೆ ಸಾಕು.

ಮರುಪ್ರಶ್ನೆ, ಉಡುಪಿಯಿಂದ:

ಮೂವರಿಗೂ ಕೃತಜ್ಞತೆಗಳು. ಭಾಗವತರು ಹೆಡ್‌ಫೋನಿನಲ್ಲಿ ತಮ್ಮ ಸ್ವರವನ್ನು ಕೇಳಿಕೊಂಡು ಹಾಡುವಾಗಲೂ ಲುಕ್‌ಅಹೆಡ್ ಇರುವ ಕಂಪ್ರೆಸರನ್ನು ಹಾಕಿರಬಹುದೇ?

ಉತ್ತರ, ಸುರತ್ಕಲ್‌ನಿಂದ:

ಬೇಡ. ಮುಂದಿನದನ್ನು ನೋಡಬೇಕಾದರೆ ಪ್ಲಗಿನ್ ಧ್ವನಿಯನ್ನು ಅಷ್ಟು ಹೊತ್ತು ತಡೆದಿಡಲೇಬೇಕಾಗುತ್ತದೆ. ಸ್ವರ 20 ಮಿಲಿಸೆಕೆಂಡ್ ತಡವಾಗಿ ಕಿವಿಗೆ ಬಿದ್ದರೆ ಹಾಡುವವರಿಗೆ ತಾಳ ಹಿಡಿಯುವುದು ಕಷ್ಟವಾಗುತ್ತದೆ. ಧ್ವನಿಮುದ್ರಣದ ಹೊತ್ತಿಗೆ ಕಂಪ್ರೆಸರ್ ಇಲ್ಲದೆಯೇ, ಅತಿ ಜೋರಾದ ಪೆಟ್ಟೂ ಮೈನಸ್ 10 ಡೆಸಿಬೆಲ್ ದಾಟದಂತೆ ಮಟ್ಟ ಇಟ್ಟುಕೊಂಡು ಹಿಡಿಯಿರಿ. ಉಳಿದದ್ದನ್ನು ಮಿಕ್ಸಿಂಗ್‌ನಲ್ಲಿ ನಿಧಾನವಾಗಿ ನೋಡಿಕೊಳ್ಳಬಹುದು.