ಸಂಕಲನ, ಕಟ್, ಕೆಚ್ಚು: ಸಿನೆಮಾದ ತುಂಡು ಜೋಡಿಸುವುದಕ್ಕೆ ಯಾವ ಮಾತು?

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯವನು. ಒಂದು ಪದದ ಬಗ್ಗೆ ಕೇಳಬೇಕಿದೆ. ಅದು ಎಲ್ಲಿಂದ ಎದ್ದಿತು ಅಂತ ಹೇಳದೆ ಸುಮ್ನೆ ಕೇಳಿದರೆ ಅರ್ಥ ಆಗಲಿಕ್ಕಿಲ್ಲ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಈ ಬೇಸಿಗೆ ರಜೆಯಲ್ಲಿ ಗುಳೇದಗುಡ್ಡದಲ್ಲಿ ಎಂಟನೇ, ಒಂಬತ್ತನೇ ತರಗತಿಯ ಹನ್ನೊಂದು ಮಕ್ಕಳನ್ನು ಕೂಡಿಸಿಕೊಂಡು ಸಿನೆಮಾ ಹೇಗೆ ಮಾಡ್ತಾರೆ ಅಂತ ಹೇಳಿಕೊಡುತ್ತಿದ್ದೆ. ಇದ್ದಿದ್ದು ಎರಡು ಮೊಬೈಲು, ಒಂದು ಹಳೇ ಲ್ಯಾಪ್‌ಟಾಪು. ಕಥೆ ಮಕ್ಕಳದೇ. ಒಬ್ಬ ಹುಡುಗ ಮಗ್ಗದಲ್ಲಿ ಕೂತ ಅಜ್ಜಿಗೆ ಬುತ್ತಿ ಒಯ್ಯುತ್ತಾನೆ, ಅಷ್ಟೇ. ನಾಲ್ಕು ನಿಮಿಷದ ಪಿಚ್ಚರು. ಅಜ್ಜಿ ನಿಜವಾದ ಅಜ್ಜಿ, ಒಬ್ಬ ಹುಡುಗಿಯ ಮನೆಯವರು, ಕುಣಿಮಗ್ಗದಲ್ಲಿ, ಅಂದ್ರೆ ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವ ಮಗ್ಗದಲ್ಲಿ, ಕಣ ಅನ್ನೋ ಕುಬಸದ ಬಟ್ಟೆ ನೇಯುವವರು.

ಶೂಟಿಂಗ್ ಎರಡು ದಿನದಲ್ಲಿ ಮುಗೀತು. ಅಜ್ಜಿ ಮನೆಯದು ಏನೇನಿದೆಯೋ ಎಲ್ಲಾ ಒಂದೇ ದಿನ, ಓಣಿಯದು ಇನ್ನೊಂದು ದಿನ. ಕಥೆಯ ಕೊನೆಯನ್ನು ಮೊದಲು ತೆಗೆದಾಗ ಮಕ್ಕಳಿಗೆ ಆಶ್ಚರ್ಯ. ಊಟ ಮುಗಿದ ಡಬ್ಬಿ ಬೆಳಿಗ್ಗೆ ಹತ್ತಕ್ಕೆ, ಬುತ್ತಿ ಕಟ್ಟೋದು ಮರುದಿನ! ದೊಡ್ಡ ಸಿನೆಮಾಗಳೂ ಹೀಗೇ ಆಗೋದು, ಒಂದು ಜಾಗದ ಕೆಲಸ ಒಟ್ಟಿಗೆ ಮುಗಿಸುತ್ತಾರೆ, ಕಥೆಯ ಸಾಲು ಆಮೇಲೆ ಹಾಕಿಕೊಳ್ಳುತ್ತಾರೆ ಅಂತ ಹೇಳಿದೆ. ಹಾಗಾದ್ರೆ ಸಾಲು ಹಾಕೋರು ಯಾರು ಅಂತ ಕೇಳಿದರು. ಸಂಕಲನಕಾರ ಅಂದೆ. ಬೋರ್ಡಿನ ಮೇಲೆ ದೊಡ್ಡದಾಗಿ ‘ಸಂಕಲನ’ ಅಂತ ಬರೆದೆ.

ಮರುದಿನ ಲ್ಯಾಪ್‌ಟಾಪಿನ ಮುಂದೆ ಕೂತು ಒಂದೊಂದು ಶಾಟಿನ ತಲೆ ಬಾಲ ಕತ್ತರಿಸುತ್ತಾ ಇದ್ದಾಗ ಆ ಅಜ್ಜಿಯ ಮೊಮ್ಮಗಳು ಕೇಳಿದಳು: “ಸರ್ರಿ, ಸಂಕಲನ ಅಂದ್ರ ಕೂಡ್ಸೋ ಲೆಕ್ಕ ಅಲ್ರೀ? ನಾವು ಮುಂಜಾನಿಂದ ಬರೇ ಕತ್ತರಸಾಕ ಹತ್ತೀವಿ. ಇದು ವ್ಯವಕಲನ ಆಗ್ಬೇಕಲ್ರೀ?”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮೂವತ್ತು ವರ್ಷದಿಂದ ಸಿನೆಮಾದ ಟೈಟಲ್ಲಿನಲ್ಲಿ ಓದುತ್ತಾ ಬಂದ ಪದ, ಒಂದು ಸಲವೂ ನಿಂತು ನೋಡಿರಲಿಲ್ಲ. ಅವತ್ತು ರಾತ್ರಿ ಕೂತು ಯೋಚನೆ ಮಾಡಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಸಂಸ್ಕೃತ. ಸಂಕಲನ ಅಂದ್ರೆ ಒಟ್ಟುಗೂಡಿಸೋದು. ಲೆಕ್ಕದಲ್ಲಿ ಈ ಪದ ಬಹಳ ಹಳೆಯದು, 12ನೇ ಶತಮಾನದ ಭಾಸ್ಕರಾಚಾರ್ಯರ ಲೀಲಾವತಿಯಲ್ಲೇ ಕೂಡೋದಕ್ಕೆ ಸಂಕಲಿತ, ಕಳೆಯೋದಕ್ಕೆ ವ್ಯವಕಲಿತ ಅಂತಿದೆ. ಕವನ ಸಂಕಲನ ಅನ್ನುವಾಗಲೂ ಅದೇ, ಬಿಡಿ ಬಿಡಿಯಾಗಿದ್ದನ್ನು ಒಂದೆಡೆ ಸೇರಿಸೋದು. ಪತ್ರಿಕೆಯವರಿಗೆ ನಾವು ಸಂಪಾದಕ ಅಂತೀವಿ, ಸಿನೆಮಾದವರಿಗೆ ಮಾತ್ರ ಸಂಕಲನಕಾರ. ಇಂಗ್ಲಿಷಿನಲ್ಲಿ ಇಬ್ಬರೂ ಎಡಿಟರೇ. ಹಿಂದಿಯಲ್ಲೂ ಎರಡಕ್ಕೂ ಸಂಪಾದನವೇ ನಡೆಯುತ್ತದೆ. ಮರಾಠಿಯಲ್ಲಿ ಸಿನೆಮಾಕ್ಕೆ ನಮ್ಮ ಹಾಗೆ ಸಂಕಲನ.

ಅಕ್ಕಪಕ್ಕದ ಭಾಷೆಗಳನ್ನು ನೋಡಿದರೆ ಇನ್ನೂ ಚೆನ್ನಾಗಿದೆ. ತೆಲುಗಿನಲ್ಲಿ ‘ಕೂರ್ಪು’ ಅಂತಾರೆ, ಅಂದ್ರೆ ಹೊಂದಿಸಿ ಸೇರಿಸೋದು. ತಮಿಳಿನಲ್ಲಿ ‘ಪಡತ್ತೊಗುಪ್ಪು’, ತೊಗುಪ್ಪು ಅಂದ್ರೆ ಕೂಡಿಸಿದ್ದು. ಮಲಯಾಳದಲ್ಲಿ ‘ಚಿತ್ರಸಂಯೋಜನಂ’. ನಾಲ್ಕು ದಕ್ಷಿಣದ ಭಾಷೆಗಳಲ್ಲಿ ಒಂದೂ ಕತ್ತರಿ ಹಿಡಿದಿಲ್ಲ. ಎಲ್ಲವೂ ಜೋಡಿಸೋದನ್ನೇ ಹೆಸರಾಗಿ ತೊಗೊಂಡಿವೆ. ಆದರೆ ಕೆಲಸದ ಜಾಗದಲ್ಲಿ ಎಲ್ಲರ ಬಾಯಲ್ಲೂ ಇರೋದು ‘ಕಟ್’.

ಈ ಕಟ್ ಅನ್ನೋದು ಒಂದೇ ಪದ, ನಾಲ್ಕು ಕೆಲಸ. ಶೂಟಿಂಗಿನಲ್ಲಿ ನಿರ್ದೇಶಕ ಕಟ್ ಅಂದ್ರೆ ಕ್ಯಾಮೆರಾ ನಿಲ್ಲಿಸು ಅಂತ. ಎಡಿಟಿಂಗಿನಲ್ಲಿ ಕಟ್ ಅಂದ್ರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗೋ ಜಾಗ. ಸೆನ್ಸಾರಿನ ಕಟ್ ಅಂದ್ರೆ ತೆಗೆದು ಹಾಕಿದ್ದು. ನಮ್ಮ ಊರಿನ ಟಾಕೀಜಿನಲ್ಲಿ ಪಿಚ್ಚರ್ ಕಟ್ ಆಯ್ತು ಅಂದ್ರೆ ರೀಲು ಹರೀತು ಅಂತ. ಮಕ್ಕಳಿಗೆ ಗೊಂದಲ ಆಗೋದು ಸಹಜ ಅಲ್ವಾ?

ನಿರ್ದೇಶಕ ಅಂದಾಗ ನೆನಪಾಯಿತು, ನಮ್ಮ ಕಡೆಯ ಹಿರಿಯರ ಬಾಯಲ್ಲಿ ‘ದಿಗ್ದರ್ಶಕ’ ಅನ್ನೋದನ್ನೂ ಕೇಳಿದ್ದೇನೆ. ಮರಾಠಿಯಲ್ಲಿ ಈಗಲೂ ಅದೇ. 1934ರಲ್ಲಿ ಬಂದ ಮೊದಲ ಕನ್ನಡ ಮಾತಿನ ಚಿತ್ರ ‘ಸತಿ ಸುಲೋಚನಾ’ ಚಿತ್ರೀಕರಣ ಆಗಿದ್ದು ಕೊಲ್ಲಾಪುರದಲ್ಲಿ, ಬೆಳಗಾವಿಯಿಂದ ಎರಡು ಮೂರು ತಾಸಿನ ದಾರಿ. ನಮ್ಮ ಬೀಳಗಿಯ ಗಾಯಕಿ, ನಟಿ ಅಮೀರಬಾಯಿ ಕರ್ನಾಟಕಿ ಹೆಸರು ಮಾಡಿದ್ದು ಮುಂಬೈಯ ಸಿನೆಮಾದಲ್ಲಿ. ಈ ಭಾಗದ ಸಿನೆಮಾ ಮಾತಿನಲ್ಲಿ ಮರಾಠಿ ವಾಸನೆ ಇರೋದಕ್ಕೆ ಇಂಥ ಓಡಾಟವೂ ಕಾರಣ. ಇರಲಿ, ಇದು ಬೇರೆ ಚರ್ಚೆ.

ಸಂಕಲನ ಸರಿಯಾದ ಪದವೇ ಅಂತ ನನಗೆ ಮನವರಿಕೆ ಆಗಿದ್ದು ಲ್ಯಾಪ್‌ಟಾಪಿನಲ್ಲೇ. ನೂರು ವರ್ಷದ ಹಿಂದೆ ರಷ್ಯಾದಲ್ಲಿ ಕುಲೆಶೋವ್ ಅನ್ನುವ ನಿರ್ದೇಶಕರು ಒಬ್ಬ ನಟನ ಒಂದೇ ಮುಖದ ಶಾಟನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ ಜೋಡಿಸಿ ತೋರಿಸಿದರು. ನೋಡಿದವರು ಒಂದರಲ್ಲಿ ಹಸಿವು ಕಂಡರು, ಇನ್ನೊಂದರಲ್ಲಿ ದುಃಖ ಕಂಡರು. ಮುಖ ಒಂದೇ. ನಾವೂ ಇದನ್ನೇ ಅಜ್ಜಿಯ ಮೇಲೆ ಮಾಡಿದೆವು. ಅಜ್ಜಿ ಸುಮ್ನೆ ಲಾಳಿ ಹಿಡಿದು ಮೇಲಕ್ಕೆ ನೋಡಿದ ಮೂರು ಸೆಕೆಂಡಿನ ಶಾಟ್ ಇತ್ತು. ಅದರ ಮುಂದೆ ಖಾಲಿ ರೊಟ್ಟಿ ಬುಟ್ಟಿ ಹಾಕಿದೆವು, ಮಕ್ಕಳೆಲ್ಲ “ಅಜ್ಜಿಗೆ ಹಸಿವಾಗೈತಿ” ಅಂದರು. ಬುಟ್ಟಿ ತೆಗೆದು ಗೋಡೆಯ ಮೇಲಿನ ಅಜ್ಜನ ಫೋಟೋ ಹಾಕಿದೆವು. ಒಬ್ಬರೂ ಮಾತಾಡಲಿಲ್ಲ. ಅಜ್ಜಿಯ ಮುಖ ಅದೇ, ಆದರೆ ಈಗ ಬೇರೆ ಅಜ್ಜಿ. ಕೂಡಿಸೋ ಲೆಕ್ಕವೇ ಇದು, ಆದರೆ ಒಂದಕ್ಕೆ ಒಂದು ಕೂಡಿಸಿದರೆ ಎರಡಲ್ಲ, ಮೂರನೆಯದೇ ಒಂದು ಹುಟ್ಟುತ್ತದೆ. ಪದಗಳ ಬಗ್ಗೆ ಆಸಕ್ತಿ ಇರುವ ನಿಮಗೆ ಇನ್ನೊಂದು ಹಿಡಿಸಬಹುದು: ಅದೇ ಕಾಲದ ರಷ್ಯಾದ ನಿರ್ದೇಶಕ ಐಸೆನ್‌ಸ್ಟೈನ್ ಇದನ್ನು ವಿವರಿಸುವಾಗ ಚೀನೀ ಜಪಾನೀ ಲಿಪಿಯ ಉದಾಹರಣೆ ಕೊಟ್ಟಿದ್ದರು. ಕಣ್ಣಿನ ಚಿಹ್ನೆ, ನೀರಿನ ಚಿಹ್ನೆ ಸೇರಿದರೆ ಅಳು. ಬಾಯಿ, ನಾಯಿ ಸೇರಿದರೆ ಬೊಗಳು.

ಹುಡುಗಿಗೆ ಅಷ್ಟು ಉತ್ತರ ಸಾಕಾಯಿತು. ನನಗೆ ಸಾಕಾಗಲಿಲ್ಲ. ಸಂಕಲನ ಅನ್ನೋದು ಇಡೀ ಕೆಲಸದ ಹೆಸರು. ಎರಡು ಶಾಟ್ ಸೇರುವ ಆ ಒಂದು ಜಾಗ ಇದೆಯಲ್ಲ, ಆ ಸಂದು, ಅದಕ್ಕೆ ಕನ್ನಡದಲ್ಲಿ ಏನಂತೀವಿ?

ಸಿನೆಮಾ ಹುಟ್ಟಿದಾಗ ಆ ಸಂದೇ ಇರಲಿಲ್ಲ. 1895ರ ಡಿಸೆಂಬರ್ 28ಕ್ಕೆ ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸಹೋದರರು ತೋರಿಸಿದ ಚಿತ್ರಗಳು, ಮರುವರ್ಷ ಜುಲೈ 7ಕ್ಕೆ ಮುಂಬೈಯ ವ್ಯಾಟ್ಸನ್ ಹೋಟೆಲ್ಲಿನಲ್ಲಿ ತೋರಿಸಿದ್ದು, ಒಂದೊಂದೂ ಒಂದು ನಿಮಿಷಕ್ಕಿಂತ ಕಮ್ಮಿ, ಒಂದೇ ಶಾಟು. ಆಮೇಲೆ ತುಂಡು ತುಂಡಾಗಿ ತೆಗೆದು ಜೋಡಿಸಬಹುದು ಅಂತ ಗೊತ್ತಾದ ಮೇಲೆ ಸಂದು ಹುಟ್ಟಿತು. ಮಾತಿನ ಚಿತ್ರ ಬಂದ ಮೇಲೆ ಸೆಕೆಂಡಿಗೆ 24 ಫ್ರೇಮು, ಅಂದ್ರೆ 24 ಬಿಡಿ ಚಿತ್ರ, ಅಂತ ಗಟ್ಟಿಯಾಯಿತು. 35 ಮಿಲಿಮೀಟರ್ ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮು, ನಿಮಿಷಕ್ಕೆ 90 ಅಡಿ. ಎರಡೂವರೆ ತಾಸಿನ ಪಿಚ್ಚರು ಅಂದ್ರೆ 13,500 ಅಡಿ. ಅಷ್ಟುದ್ದದ ಪಟ್ಟಿಯ ಒಂದೊಂದು ಸಂದನ್ನೂ ಯಾರೋ ಒಬ್ಬರು ಬೆಳಕಿಗೆ ಹಿಡಿದು ನೋಡಿ, ಪೆನ್ಸಿಲ್ಲಿನಿಂದ ಗುರುತು ಹಾಕಿ, ಕತ್ತರಿಸಿ, ಅಂಟಿಸಿದ್ದರು.

ಈ ಅಂಟಿಸೋದನ್ನು ನಾನು ಚಿಕ್ಕವನಿದ್ದಾಗ ಕಣ್ಣಾರೆ ನೋಡಿದ್ದೇನೆ. ನಮ್ಮೂರ ಟಾಕೀಜಿನಲ್ಲಿ ರೀಲು ಹರಿದರೆ ಆಪರೇಟರ್ ಕಾಕಾ ಹರಿದ ತುದಿಯನ್ನು ನೇರ ಕತ್ತರಿಸಿ, ಬ್ಲೇಡಿನಿಂದ ಒಂದು ಬದಿ ಕೆರೆದು, ಅಂಟು ಹಚ್ಚಿ, ಒಂದರ ಮೇಲೊಂದು ಇಟ್ಟು ಒತ್ತಿ ಹಿಡಿಯುತ್ತಿದ್ದರು. ಉಗುರಿನ ಬಣ್ಣದ ವಾಸನೆ ಕೋಣೆ ತುಂಬಾ. ಕತ್ತರಿಸಿ ಬಿಸಾಡಿದ ನಾಲ್ಕೈದು ಫ್ರೇಮಿನ ತುಂಡು ನಮ್ಮ ಪಾಲಿಗೆ. ಅದನ್ನು ತಲೆಕೆಳಗಾಗಿ ಹಿಡಿದು, ಕನ್ನಡಿಯಿಂದ ಬಿಸಿಲು ಬಿಟ್ಟು, ನೀರು ತುಂಬಿದ ಬಲ್ಬು ಮುಂದಿಟ್ಟು, ಕತ್ತಲೆ ಕೋಣೆಯಲ್ಲಿ ಅಪ್ಪನ ಧೋತರದ ಮೇಲೆ ಪಿಚ್ಚರ್ ಬಿಡುತ್ತಿದ್ದೆವು. ಅಂಟಿಸಿದ ಜಾಗ ಪಡದೆಯ ಮೇಲೆ ಬಂದಾಗ ಚಿತ್ರ ಮೊದಲು ಜಿಗಿಯುತ್ತಿತ್ತು, ಸುಮಾರು ಒಂದು ಸೆಕೆಂಡ್ ಬಿಟ್ಟು ಮಾತು ಜಿಗಿಯುತ್ತಿತ್ತು. ಯಾಕೆ ಅಂತ ಆಗ ತಿಳಿದಿರಲಿಲ್ಲ. ಚಿತ್ರ ಮಸೂರದ ಮುಂದೆ ನಿಂತು ನಿಂತು ಸಾಗಬೇಕು, ದನಿ ಮಾತ್ರ ನಿಲ್ಲದೆ ಹರಿಯಬೇಕು, ಹಾಗಾಗಿ ದನಿ ಓದುವ ಜಾಗ ಸ್ವಲ್ಪ ಕೆಳಗಿರುತ್ತದೆ, ಫಿಲ್ಮಿನಲ್ಲಿ ದನಿಯನ್ನು ಸುಮಾರು 20 ಫ್ರೇಮಿನಷ್ಟು ಮುಂದೆ ಅಚ್ಚು ಹಾಕಿರುತ್ತಾರೆ. ಒಂದೇ ಗಾಯ, ಎರಡು ಸಲ ನೋವು. ಕಾಕಾ ಅದಕ್ಕೆ ‘ಜಾಯಿಂಟು’ ಅನ್ನುತ್ತಿದ್ದರು.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ.

ಕೊನೆಯ ದಿನ ಅಜ್ಜಿಗೆ ಪಿಚ್ಚರ್ ತೋರಿಸೋದಕ್ಕೆ ಹೋದೆವು. ಅವರು ಕುಣಿಯಲ್ಲಿ ಕೂತಿದ್ದರು, ಆದರೆ ನೇಯುತ್ತಿರಲಿಲ್ಲ. ಹಳೇ ಹಾಸು, ಅಂದ್ರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿದಿತ್ತು. ಅದರ ತುದಿಯನ್ನು ಮಗ್ಗದಲ್ಲೇ ಬಿಟ್ಟು, ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೇ ಎಳೆಗೆ ಸೇರಿಸುತ್ತಿದ್ದರು. ಪಕ್ಕದಲ್ಲಿ ಒಂದು ಬಟ್ಟಲಲ್ಲಿ ಬೂದಿ. ಬೆರಳಿಗೆ ಬೂದಿ ಮುಟ್ಟಿಸಿಕೊಳ್ಳೋದು, ಎರಡು ಎಳೆಯ ತುದಿ ಹಿಡಿಯೋದು, ಹೆಬ್ಬೆರಳಿನಿಂದ ಒಂದು ಸಲ ಹೊಸೆದು ಮಡಚಿ ಬಿಡೋದು. ಕಣ್ಣು ಬಡಿಯೋದರೊಳಗೆ ಒಂದು ಎಳೆ. ಹೀಗೆ ಸಾವಿರಾರು.

ಒಬ್ಬ ಹುಡುಗ ಗಂಟು ಯಾಕೆ ಹಾಕೋದಿಲ್ಲ ಅಂತ ಕೇಳಿದ. ಗಂಟು ಹಾಕಿದರೆ ಹಣಿಗೆಯ ಹಲ್ಲಿನಲ್ಲಿ ಸಿಕ್ಕಿಕೊಂಡು ಎಳೆ ಹರಿಯುತ್ತದೆ, ಹೊಸೆದರೆ ನುಣ್ಣಗೆ ದಾಟಿ ಹೋಗುತ್ತದೆ ಅಂದರು. ಆಮೇಲೆ ನಮ್ಮ ಪಿಚ್ಚರ್ ನೋಡಿದರು. ನಾವು ಹೇಗೆ ತುಂಡು ತುಂಡು ಜೋಡಿಸಿದೆವು ಅಂತ ಮೊಮ್ಮಗಳು ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಅಜ್ಜಿ ಸ್ವಲ್ಪ ಹೊತ್ತು ನೋಡಿ, “ಹಂಗಾರ ನೀವೂ ಕೆಚ್ಚಾಕ ಹತ್ತೀರಿ ಬಿಡು” ಅಂದರು.

ಕೆಚ್ಚೋದು! ಕೇಳಿದ ತಕ್ಷಣ ನನಗೆ ಮೈ ಜುಂ ಅಂದಿತು. ಹಾಸಿನ ಎಳೆಗೆ ಎಳೆ ಹೊಸೆದು ಸೇರಿಸೋದಕ್ಕೆ ಅವರ ಮಾತು ಅದು. ಇದರಲ್ಲಿ ಕತ್ತರಿಯೂ ಇಲ್ಲ, ಲೆಕ್ಕವೂ ಇಲ್ಲ. ಸಿನೆಮಾದ ಸಂದಿಗೆ ಬೇಕಾದ ಗುಣ ಪೂರಾ ಇದೆ: ಎರಡು ತುದಿ, ಒಂದು ಬೆರಳಿನ ಹದ, ದಾಟುವಾಗ ಸಿಕ್ಕಿಕೊಳ್ಳಬಾರದು.

ನಮ್ಮ ಪಿಚ್ಚರಿನಲ್ಲಿ ಹುಡುಗ ಬುತ್ತಿ ಕೆಳಗಿಡುವ ಜಾಗ ಇದೆ. ದೂರದ ಶಾಟಿನಲ್ಲಿ ಅವನು ಪೂರ್ತಿ ಬಗ್ಗಿ ಇಟ್ಟ ಮೇಲೆ ಹತ್ತಿರದ ಶಾಟಿಗೆ ಹೋದರೆ ಕಣ್ಣಿಗೆ ಚುಚ್ಚುತ್ತಿತ್ತು. ಅವನು ಅರ್ಧ ಬಗ್ಗಿದಾಗ ಮೊದಲ ಶಾಟ್ ಬಿಟ್ಟು, ಹತ್ತಿರದ ಶಾಟನ್ನು ಅದೇ ಅರ್ಧ ಬಾಗಿನಿಂದ ಶುರು ಮಾಡಿದೆವು. ಸಂದು ಮಾಯ! ನೋಡುವವರ ಕಣ್ಣು ಆ ಬಾಗಿನ ಹಿಂದೆ ಹೋಗುತ್ತದೆ, ಸಂದನ್ನು ನೋಡೋದೇ ಇಲ್ಲ. ಇದು ಕೆಚ್ಚು. ಇನ್ನೊಂದು ಕಡೆ ಹುಡುಗ ಓಣಿಯಲ್ಲಿ ಎಡದಿಂದ ಬಲಕ್ಕೆ ಹೋಗುತ್ತಿದ್ದವನು ಮುಂದಿನ ಶಾಟಿನಲ್ಲಿ ಬಲದಿಂದ ಎಡಕ್ಕೆ ನಡೆದು ಬರುತ್ತಾನೆ, ಬುತ್ತಿ ಮರೆತು ಮನೆಗೆ ವಾಪಸ್ ಹೊರಟ ಹಾಗೆ ಕಾಣುತ್ತದೆ. ನಾವು ಶೂಟಿಂಗಿನಲ್ಲಿ ಓಣಿಯ ಆ ಬದಿಗೆ ದಾಟಿ ನಿಂತಿದ್ದರ ತಪ್ಪು. ಮಕ್ಕಳು ಅದಕ್ಕೆ ತಾವೇ ಹೆಸರಿಟ್ಟರು: “ಸರ್ರಿ, ಇಲ್ಲೆ ಗಂಟ ಬಿದ್ದೈತಿ.” ನಾನು ಕಲಿಸಿದ್ದಲ್ಲ. ಕೆಚ್ಚು ಸಿಕ್ಕ ಮೇಲೆ ಗಂಟು ತಾನಾಗೇ ಬಂತು. ಜೀವ ಇರುವ ಪದ ಹೀಗೇ ಇರುತ್ತೆ ಅಂತ ನನಗೆ ಅನಿಸುತ್ತದೆ, ಒಂದು ಬಂದರೆ ಅದರ ಬಳಗವೂ ಬರುತ್ತದೆ.

ತೊಡಕೂ ಇದೆ. ಕೆಚ್ಚು ಅಂದ್ರೆ ಹೆಚ್ಚು ಜನಕ್ಕೆ ಗೊತ್ತಿರೋದು ಧೈರ್ಯ, ಕೆಚ್ಚೆದೆ. ಇಲ್ಲವೇ ಮರದ ಗಟ್ಟಿ ತಿರುಳು. ಮೈಸೂರಿನ ಕಡೆಯ ಓದುಗರು ‘ಇಲ್ಲಿ ಕೆಚ್ಚು ಚೆನ್ನಾಗಿಲ್ಲ’ ಅಂತ ಓದಿದರೆ ನಾಯಕನಿಗೆ ಧೈರ್ಯ ಇಲ್ಲ ಅಂತ ತಿಳಿದುಕೊಳ್ಳಬಹುದು. ಕ್ರಿಯಾಪದವಾಗಿ ಬಳಸಿದರೆ ಈ ಗೊಂದಲ ಕಮ್ಮಿ: ಈ ಎರಡು ಶಾಟ್ ಕೆಚ್ಚು, ಇಲ್ಲಿ ಕೆಚ್ಚಿದ್ದು ಕಾಣಬಾರದು, ಹೀಗೆ. ನಾಮಪದಕ್ಕೆ ಏನು ಮಾಡೋದು? ಕೆಚ್ಚುಗೆ ಅನ್ನಬಹುದೇ, ಬೆಸುಗೆಯ ಹಾಗೆ? ಬೆಸುಗೆಯನ್ನೇ ಯಾಕೆ ಬಳಸಬಾರದು ಅಂತ ಕೇಳಬಹುದು. ಬೆಸುಗೆಯಲ್ಲಿ ಬೆಂಕಿ ಇದೆ, ಲೋಹ ಇದೆ, ಒಮ್ಮೆ ಹಾಕಿದರೆ ಬಿಡಿಸಲಿಕ್ಕಾಗದ ಗಟ್ಟಿತನ ಇದೆ. ಎಡಿಟಿಂಗಿನಲ್ಲಿ ಹತ್ತು ಸಲ ಬಿಚ್ಚಿ ಹತ್ತು ಸಲ ಸೇರಿಸುತ್ತೇವೆ. ನನಗೆ ಎಳೆಯ ಮಾತೇ ಜಾಸ್ತಿ ಹೊಂದುತ್ತದೆ.

ಮಕ್ಕಳಿಗಾಗಿ ಇಪ್ಪತ್ತು ಪುಟದ ಒಂದು ಪುಸ್ತಿಕೆ ಬರೆಯುತ್ತಿದ್ದೇನೆ. ಶಾಟು, ಸೀನು, ಕ್ಯಾಮೆರಾ ಇವನ್ನೆಲ್ಲ ಹಾಗೇ ಬಿಡುತ್ತೇನೆ, ಅವು ಎಲ್ಲರಿಗೂ ತಿಳಿಯುತ್ತವೆ. ಸಂಕಲನವೂ ಇರುತ್ತದೆ, ಅಜ್ಜಿಯ ಮುಖದ ಉದಾಹರಣೆಯ ಜೊತೆ. ಆ ಸಂದಿಗೆ ಮಾತ್ರ ಕಟ್ ಬಿಟ್ಟು ಕೆಚ್ಚು ಹಾಕಬೇಕು ಅಂತ ಆಸೆ. ಅದಕ್ಕೇ ಕೇಳುತ್ತಿರೋದು: ಇಳಕಲ್ಲು, ರಬಕವಿ ಬನಹಟ್ಟಿ, ಬೆಳಗಾವಿಯ ವಡಗಾವಿ ಖಾಸಬಾಗಿನ ನೇಕಾರರ ಮನೆಗಳಲ್ಲಿ ಈಗಲೂ ಕೆಚ್ಚೋದು ಅಂತಲೇ ಹೇಳ್ತಾರಾ, ಅಥವಾ ಬೇರೆ ಮಾತಿದೆಯಾ? ಸೇರಿಸಿದ ಆ ಜಾಗಕ್ಕೆ, ಕೆಲಸಕ್ಕಲ್ಲ, ಆ ಜಾಗಕ್ಕೇ, ಅವರಲ್ಲಿ ಬೇರೆ ಹೆಸರು ಇದೆಯಾ? ಮನೆಯಲ್ಲಿ ಮಗ್ಗ ಇರುವವರು, ಇದ್ದವರು, ದಯವಿಟ್ಟು ಹಿರಿಯರನ್ನು ಕೇಳಿ ಬರೆಯಿರಿ. ಅವರು ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ.