ಬರೀ ಡ್ರೈಯರ್‌ನಲ್ಲಿ ಕೂದಲು ನೇರ ಮಾಡಿಕೊಳ್ಳೋದು ಹೇಗೆ? ಮಾಡಿ ಗೊತ್ತಿರುವವರು ಹೇಳಿ

ನನ್ನದು ಅಲೆಅಲೆ ಕೂದಲು, ಅರ್ಧ ಬೆನ್ನಿನವರೆಗೆ ಇದೆ. ಸ್ಟ್ರೈಟ್ನರ್ ಕೊಳ್ಳುವ ಮನಸ್ಸಿಲ್ಲ. ಮನೆಯಲ್ಲಿ ಡ್ರೈಯರ್ ಇದೆ, ಒಂದು ರೌಂಡ್ ಬ್ರಷ್ ಇದೆ. ಪಾರ್ಲರ್‌ನಲ್ಲಿ ಅವೆರಡರಲ್ಲೇ ನುಣುಪಾಗಿ ಮಾಡಿ ಕಳಿಸುತ್ತಾರೆ. ನಾನು ಮಾಡಿದರೆ ಬುಡ ಉಬ್ಬಿಕೊಳ್ಳುತ್ತೆ, ತುದಿ ಪೊರಕೆ ಥರ ಆಗುತ್ತೆ. ಅದೂ ತೋಳು ನೋಯುವಷ್ಟು ಹೊತ್ತು ಹಿಡಿದ ಮೇಲೆ. ಎಲ್ಲಿ ತಪ್ಪುತ್ತಿದೆ?

---

ಬ್ರಷ್ ಯಾವಾಗ ಕೈಗೆತ್ತಿಕೊಳ್ಳುತ್ತೀರಿ ಅಂತ ನೀವು ಹೇಳಿಲ್ಲ. ತೊಂದರೆ ಅಲ್ಲೇ ಇರಬೇಕು. ನೀರು ತೊಟ್ಟಿಕ್ಕುವ ಕೂದಲಿಗೆ ಬ್ರಷ್ ಹಾಕಿ ಕೂತರೆ ಕೈ ಸೋಲುತ್ತದೆ, ಕೂದಲಿಗೂ ಸುಮ್ನೆ ಜಾಸ್ತಿ ಬಿಸಿ ತಗಲುತ್ತದೆ. ಮೊದಲು ಟವೆಲ್‌ನಲ್ಲಿ ಒತ್ತಿ ನೀರು ತೆಗೆಯಿರಿ. ಉಜ್ಜಬೇಡಿ. ಆಮೇಲೆ ಬೆರಳಲ್ಲೇ ಬುಡ ಬಿಡಿಸುತ್ತಾ ಮುಕ್ಕಾಲು ಪಾಲು ಒಣಗಿಸಿ. ಬ್ರಷ್ ಬೇಕಾಗುವುದು ಅಲ್ಲಿಂದ ಮುಂದೆ.

ಹಾಗಂತ ತಾನಾಗಿ ಪೂರ್ತಿ ಒಣಗಲು ಬಿಟ್ಟರೂ ಆಗಲ್ಲ. ಒದ್ದೆಯಾದಾಗ ಕೂದಲಿನೊಳಗಿನ ಹೈಡ್ರೋಜನ್ ಬಂಧಗಳು ಬಿಡುತ್ತವೆ, ಒಣಗುವಾಗ ಮತ್ತೆ ಕೂಡುತ್ತವೆ. ಕೂಡುವ ಹೊತ್ತಿಗೆ ಕೂದಲನ್ನು ಹೇಗೆ ಹಿಡಿದಿರುತ್ತೀರೋ ಆ ಆಕಾರವೇ ನಿಲ್ಲುತ್ತದೆ. ಆ ಕೊನೇ ತೇವ ಹೋಗುವ ಹೊತ್ತಿನಲ್ಲಿ ಕೂದಲು ಬಿಗಿಯಾಗಿ, ನೇರವಾಗಿ ಇರಬೇಕು. ಆಗಲೇ ಒಣಗಿ ಅಲೆ ಕೂತಿದ್ದರೆ ಸ್ವಲ್ಪ ನೀರು ಚಿಮುಕಿಸಿಕೊಂಡು ಶುರು ಮಾಡಿ.

ಇನ್ನು ಬುಡ ಉಬ್ಬುವುದು. ಡ್ರೈಯರ್ ಜೊತೆ ಚಪ್ಪಟೆ ಮೂತಿಯ ನಾಜಲ್ ಕೊಟ್ಟಿರುತ್ತಾರೆ, ಅರ್ಧ ಜನ ಅದನ್ನು ಡಬ್ಬಿಯಿಂದ ಹೊರಗೇ ತೆಗೆದಿರಲ್ಲ. ಹಾಕಿಕೊಳ್ಳಿ. ಅದಿಲ್ಲದಿದ್ದರೆ ಗಾಳಿ ಎಲ್ಲಾ ಕಡೆ ಚೆದುರಿ, ಆಗಲೇ ನೇರ ಮಾಡಿದ ಎಳೆಯನ್ನೂ ಹಾರಿಸುತ್ತದೆ. ಗಾಳಿ ಯಾವಾಗಲೂ ಬುಡದಿಂದ ತುದಿ ಕಡೆಗೇ ಹೋಗಬೇಕು. ಕೂದಲಿನ ಹೊರಪದರದಲ್ಲಿರುವ ಸಣ್ಣ ಸಣ್ಣ ಚಿಪ್ಪುಗಳು ತುದಿ ಕಡೆ ಮುಖ ಮಾಡಿರುತ್ತವೆ. ಮೇಲಿಂದ ಊದಿದರೆ ಅವು ಮಲಗುತ್ತವೆ, ಹೊಳಪು ಬರುತ್ತದೆ. ಕೆಳಗಿಂದ ಊದಿದರೆ ಎದ್ದು ನಿಂತು ಕೂದಲು ಒರಟಾಗುತ್ತದೆ.

ನೆತ್ತಿಯ ಕೂದಲನ್ನೆಲ್ಲ ಮೇಲಕ್ಕೆತ್ತಿ ಕ್ಲಿಪ್ ಹಾಕಿ, ಕತ್ತಿನ ಹತ್ತಿರದಿಂದ ಶುರು ಮಾಡಿ. ಒಂದು ಸಲಕ್ಕೆ ಬ್ರಷ್‌ನ ಅಗಲಕ್ಕಿಂತ ಹೆಚ್ಚು ಕೂದಲು ಬೇಡ. ಬ್ರಷ್ ಎಳೆಯ ಕೆಳಗೆ, ಡ್ರೈಯರ್ ಮೇಲೆ. ಬುಡದಲ್ಲಿ ಬ್ರಷ್ ಸಿಕ್ಕಿಸಿ, ಬಿಗಿಯಾಗಿ ಎಳೆದು ಹಿಡಿದು ನಿಧಾನವಾಗಿ ಕೆಳಗೆ ತನ್ನಿ. ನಾಜಲ್ ಅದರ ಹಿಂದೆಯೇ ಬರಲಿ. ಬಿಗಿ ಇಲ್ಲದೆ ಎಷ್ಟು ಬಿಸಿ ಕೊಟ್ಟರೂ ಕೂದಲು ಬರೀ ಒಣಗುತ್ತದೆ, ನೇರ ಆಗಲ್ಲ. ತುದಿಗೆ ಬಂದಾಗ ಒಂದು ಸುತ್ತು ಒಳಕ್ಕೆ ತಿರುಗಿಸಿ.

ಒಂದು ಮೋಸ ಇದೆ ಇಲ್ಲಿ. ಬಿಸಿ ಇರುವ ಕೂದಲನ್ನು ಮುಟ್ಟಿದರೆ ಒಣಗಿದ ಹಾಗೇ ಅನಿಸುತ್ತದೆ. ತಣ್ಣನೆ ಗಾಳಿಯ ಗುಂಡಿ ಒತ್ತಿ, ಆರಿದ ಮೇಲೆ ಬುಡಕ್ಕೆ ಬೆರಳು ಹಾಕಿ ನೋಡಿ. ತಂಪು ತಂಪು ಅನಿಸಿದರೆ ಒಳಗೆ ತೇವ ಇದೆ ಅಂತ. ಅದನ್ನು ಹಾಗೇ ಬಿಟ್ಟರೆ ಮನೆಯಿಂದ ಹೊರಟು ಸ್ವಲ್ಪ ಹೊತ್ತಿಗೆಲ್ಲ ಅಲೆ ಏಳುತ್ತದೆ.

---

ನಿಮ್ಮಷ್ಟು ಉದ್ದ ಕೂದಲಿಗೆ ರೌಂಡ್ ಬ್ರಷ್ ಯಾಕೆ? ಚಪ್ಪಟೆ ಪ್ಯಾಡಲ್ ಬ್ರಷ್ ತೊಗೊಳ್ಳಿ. ಸುತ್ತುವ ತಾಪತ್ರಯ ಇಲ್ಲ, ಸೀದಾ ಎಳೆದುಕೊಂಡು ಬರಬಹುದು. ಉಬ್ಬು ಬೇಕಾದವರಿಗೆ, ತುದಿ ಒಳಕ್ಕೆ ಬಾಗಬೇಕು ಅನ್ನುವವರಿಗೆ ರೌಂಡ್ ಸರಿ. ಅದನ್ನೇ ಬಳಸುವುದಾದರೆ ಬುಡದ ತನಕ ಸುತ್ತಬೇಡಿ. ಸಿಕ್ಕಿಕೊಂಡರೆ ಎಳೆಯಲೂಬೇಡಿ, ಡ್ರೈಯರ್ ಆಫ್ ಮಾಡಿ ಉಲ್ಟಾ ತಿರುಗಿಸುತ್ತಾ ನಾಲ್ಕೈದು ಕೂದಲಿನಂತೆ ಬಿಡಿಸಿ. ಲೋಹದ ಬ್ರಷ್ ಆದರೆ ಅದೇ ಕಾದಿರುತ್ತದೆ, ಕತ್ತಿಗೆ, ಕಿವಿಗೆ ತಾಕೀತು.

---

ಮೇಲೆ ಹೇಳಿದ್ದೆಲ್ಲ ಸರಿ. ನನ್ನದು ತೆಳು ಕೂದಲು, ಆದ್ದರಿಂದ ಬಿಸಿಯ ಬಗ್ಗೆ ಹೇಳುತ್ತೇನೆ. ಮೊದಲ ಸುತ್ತಿನಲ್ಲಿ ಡ್ರೈಯರ್ ಸುಮಾರು 15 ಸೆಂ.ಮೀ. ದೂರ ಇರಲಿ, ಕೈ ಆಡಿಸುತ್ತಲೇ ಇರಿ. ಒದ್ದೆ ಕೂದಲಿನ ಒಂದೇ ಜಾಗಕ್ಕೆ ವಿಪರೀತ ಬಿಸಿ ಬಿದ್ದರೆ ಒಳಗಿನ ನೀರು ಆವಿಯಾಗಿ ಎಳೆಯೊಳಗೇ ಗುಳ್ಳೆ ಏಳುತ್ತದೆ. ಚರ್ಮದ ಡಾಕ್ಟರುಗಳು ಇದಕ್ಕೆ ಬಬಲ್ ಹೇರ್ ಅನ್ನುತ್ತಾರೆ. ಆ ಜಾಗದಲ್ಲಿ ಕೂದಲು ಪಟಕ್ಕನೆ ಮುರಿಯುತ್ತದೆ. ಯಾವ ಸೀರಮ್ಮೂ ಅದನ್ನು ಕೂಡಿಸಲ್ಲ, ಕತ್ತರಿಸುವುದೊಂದೇ ದಾರಿ.

ಹೀಟ್ ಪ್ರೊಟೆಕ್ಟೆಂಟ್ ಸ್ಪ್ರೇ ಇದ್ದರೆ ತೇವ ಇರುವಾಗಲೇ ಹಾಕಿ, ಬಾಚಣಿಗೆಯಲ್ಲಿ ಹರಡಿ. ಹಾನಿ ಕಡಿಮೆಯಾಗುತ್ತದೆ, ಇಲ್ಲವೇ ಇಲ್ಲ ಅಂತಲ್ಲ. ಅದರ ಬದಲು ತಲೆಗೆ ಎಣ್ಣೆ ಹಚ್ಚಿಕೊಂಡು ಕೂರಬೇಡಿ, ಕೂದಲು ಜಿಡ್ಡುಜಿಡ್ಡಾಗಿ ಅಂಟಿಕೊಳ್ಳುತ್ತದೆ ಅಷ್ಟೇ.

---

ಬಿಗಿ ಸುರುಳಿ ಕೂದಲಿನವಳಾಗಿ ಒಂದು ಮಾತು. ಪಾರ್ಲರ್‌ನವರು ನಮ್ಮ ಹಿಂದೆ ನಿಂತಿರುತ್ತಾರೆ. ಅವರಿಗೆ ಇಡೀ ತಲೆ ಕಾಣುತ್ತೆ, ಎರಡು ಕೈಯೂ ಸಲೀಸಾಗಿ ಆಡುತ್ತೆ. ನಮಗೆ ಹಿಂಭಾಗ ಅಂದಾಜಿನ ಮೇಲೆಯೇ. ಅವರಷ್ಟು ನುಣುಪು ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ನನ್ನ ಕೂದಲು ಡ್ರೈಯರ್‌ನಲ್ಲಿ ನೇರ ಆಗುತ್ತೆ, ಚಪ್ಪಟೆ ಆಗಲ್ಲ. ನನಗೆ ಆ ಉಬ್ಬೇ ಇಷ್ಟ, ಅದು ಬೇರೆ ವಿಷಯ.

ಹಿಂದಿನ ಕೂದಲನ್ನು ಎರಡು ಪಾಲು ಮಾಡಿ ಭುಜದ ಮೇಲಿಂದ ಮುಂದಕ್ಕೆ ತಂದುಕೊಳ್ಳಿ, ಕೆಲಸ ಅರ್ಧ ಹಗುರ. ಹಣೆಯ ಮೇಲೆ ಕತ್ತರಿಸಿದ ಕೂದಲಿದ್ದರೆ ಅದನ್ನು ಮಾತ್ರ ಎಲ್ಲಕ್ಕಿಂತ ಮೊದಲು ಮಾಡಿ. ಬೇಗ ಒಣಗಿ ಅಡ್ಡಾದಿಡ್ಡಿ ಕೂತುಬಿಡುತ್ತೆ. ಮಳೆ ಅಥವಾ ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ ನಾನಂತೂ ಈ ಗೋಜಿಗೇ ಹೋಗಲ್ಲ, ಜಡೆ ಹಾಕಿಕೊಳ್ಳುತ್ತೇನೆ.

---

ಡ್ರೈಯರ್ ಮಧ್ಯದಲ್ಲಿ ತಾನೇ ಆಫ್ ಆಗುತ್ತಾ? ಸುಟ್ಟ ವಾಸನೆ ಬರುತ್ತಾ? ಹಿಂದಿನ ಜಾಲರಿ ನೋಡಿ, ಧೂಳು ಕೂದಲು ಕಟ್ಟಿಕೊಂಡಿರುತ್ತೆ. ಪ್ಲಗ್ ತೆಗೆದು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಆಮೇಲೂ ವಾಸನೆ ಬಂದರೆ ಬಳಸಬೇಡಿ. ಬಚ್ಚಲುಮನೆಯಲ್ಲಿ ಒದ್ದೆ ನೆಲದ ಮೇಲೆ ನಿಂತು ಮಾಡುವವರೂ ಇದ್ದಾರೆ, ಅದಂತೂ ಬೇಡವೇ ಬೇಡ.

---

ಎಲ್ಲರಿಗೂ ಥ್ಯಾಂಕ್ಸ್! ನಾಜಲ್ ಡಬ್ಬಿಯಲ್ಲೇ ಇತ್ತು. ಒಂದೇ ಡೌಟು: ರಾತ್ರಿ ಮಲಗಿದರೆ ಎಲ್ಲಾ ಹಾಳಾಗಲ್ವಾ? ಬೆಳಿಗ್ಗೆ ಮತ್ತೆ ಪೂರ್ತಿ ಮಾಡಬೇಕಾ?

---

ಬೇಡ. ನೆತ್ತಿಯ ಮೇಲೆ ಸಡಿಲವಾಗಿ ಸುತ್ತಿ, ಬಟ್ಟೆಯ ಬ್ಯಾಂಡ್ ಹಾಕಿ ಮಲಗಿ. ರಬ್ಬರ್ ಬ್ಯಾಂಡ್ ಹಾಕಿದರೆ ಬೆಳಿಗ್ಗೆ ಅದರ ಗುರುತು ಮಡಿಕೆಯಾಗಿ ನಿಂತಿರುತ್ತದೆ. ದಿಂಬಿನ ಕವರ್ ಸ್ಯಾಟಿನ್ ಆದರೆ ಉಜ್ಜಾಟ ಕಡಿಮೆ. ಎದ್ದ ಮೇಲೆ ಬೈತಲೆಯ ಅಕ್ಕಪಕ್ಕ, ಕಿವಿಯ ಹತ್ತಿರ ಎದ್ದಿರುವುದನ್ನಷ್ಟೇ ಸ್ವಲ್ಪ ನೀರು ಸವರಿ ಬ್ರಷ್‌ನಲ್ಲಿ ಎಳೆದರೆ ಸಾಕು. ಮುಂದಿನ ಸಲ ತಲೆಗೆ ನೀರು ಹಾಕುವ ತನಕ ಹಾಗೇ ತಳ್ಳಬಹುದು.