ಎಕರೆ ಕೇಳಿದಿರಿ, ಹುಡುಗನನ್ನು ಕೇಳಲಿಲ್ಲ

ದೊಡ್ಡಪ್ಪ, ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ, ಪೂರ್ತಿ ಕೇಳಿ. ನಿನ್ನೆ ರಾತ್ರಿ ನೀವು ಗ್ರೂಪಲ್ಲಿ ಹೇಳಿದಿರಲ್ಲ, ಚಿಕ್ಕಮ್ಮನ ಮಗಳು ಪುಟ್ಟಿ ಇಷ್ಟಪಟ್ಟಿರೋ ಕುಶಾಲನಗರದ ಹುಡುಗನಿಗೆ ಎರಡೇ ಎಕರೆ, ಅವನ ಅಪ್ಪ ಪಿಕಪ್ ಓಡಿಸುತ್ತಾರೆ, ನಮ್ಮ ಅಂತಸ್ತಿಗೆ ಸರಿಬರಲ್ಲ, ಪುಟ್ಟಿಗೆ ಬುದ್ಧಿ ಹೇಳಿ, ಸಿದ್ದಾಪುರದವರ ಸಂಬಂಧ ಕೈತಪ್ಪಬಾರದು ಅಂತ. ನೀವು ಹಿರಿಯರು, ನಮ್ಮೆಲ್ಲರ ಓದಿಗೆ ಓಡಾಡಿದವರು. ಆದರೆ ಈ ಮಾತು ನನಗೆ ಒಪ್ಪಿಗೆ ಇಲ್ಲ.

ಸಿದ್ದಾಪುರಕ್ಕೆ ಮನೆ ನೋಡೋಕೆ ಹೋದಾಗ ನಾನೂ ಬಂದಿದ್ದೆ ಅಲ್ವಾ. ಕೂತ ತಕ್ಷಣ ನಮ್ಮವರು ಕೇಳಿದ್ದೇನು? ರೋಬಸ್ಟಾ ಕಾಫಿ ಎಷ್ಟು ಎಕರೆ, ಕರಿಮೆಣಸು ಎಷ್ಟು ಕ್ವಿಂಟಾಲ್, ಜಮೀನಿನ ಪಹಣಿ, ಅಂದರೆ ಆರ್‌ಟಿಸಿ, ಯಾರ ಹೆಸರಲ್ಲಿದೆ. ಹುಡುಗ ಕುಡಿಯುತ್ತಾನಾ, ಕೋಪ ಹೇಗೆ, ಯಾರೂ ಕೇಳಲಿಲ್ಲ. ಆಮೇಲೆ ಆ ಹುಡುಗನ ಅಮ್ಮ, ನಾವೇನೂ ಕೇಳಲ್ಲ, ನಿಮ್ಮ ಮಗಳಿಗೆ ನೀವು ಮಾಡ್ತೀರಿ, ಇವನಿಗೆ ಮಾತ್ರ ದೊಡ್ಡ ಕಾರು ಅಂದರೆ ಆಸೆ ಅಂದರು. ಇದಕ್ಕೆ ಬೇರೆ ಹೆಸರು ಬೇಕಾ? 1961ರಿಂದ ವರದಕ್ಷಿಣೆ ಅಪರಾಧ, ತಗೊಂಡವರಿಗೆ ಮಾತ್ರ ಅಲ್ಲ, ಕೊಟ್ಟವರಿಗೂ ಶಿಕ್ಷೆ ಇದೆ. ನಾವೆಲ್ಲ ತಲೆಯಾಡಿಸಿಕೊಂಡು ಬಂದೆವು. ಪುಟ್ಟಿ ಏನು ಓದಿದ್ದಾಳೆ ಅಂತ ಆ ಮನೆಯಲ್ಲಿ ಒಬ್ಬರೂ ವಿಚಾರಿಸಲಿಲ್ಲ, ಅದು ನನಗೆ ಈಗಲೂ ಚುಚ್ಚುತ್ತೆ.

ರೋಬಸ್ಟಾ ರೇಟ್ ಏರಿದ ಮೇಲೆ ಈ ಎಕರೆ ಮಾತು ಇನ್ನೂ ಜಾಸ್ತಿ ಆಗಿದೆ. ಆದರೆ 2018ರ ಆಗಸ್ಟಲ್ಲಿ ಕೊಡಗಿನ ಮಕ್ಕಂದೂರು ಕಡೆ ಗುಡ್ಡ ಕುಸಿದು ತೋಟ ಮನೆ ಎಲ್ಲಾ ಮಣ್ಣುಪಾಲಾಯಿತು, ತೋಟ ಇದ್ದವರೂ ಪರಿಹಾರ ಕೇಂದ್ರದಲ್ಲಿ ಮಲಗಿದರು. ಆವಾಗ ಅಂತಸ್ತು ಯಾರನ್ನೂ ಉಳಿಸಲಿಲ್ಲ, ಕೈ ಹಿಡಿದವರು ಜೊತೆಗಿದ್ದರೆ ಅದೇ ಧೈರ್ಯ.

ಇನ್ನೊಂದು ಮಾತು, ಇದು ನಿಮಗೆ ಹಿಡಿಸಲ್ಲ, ಆದರೂ ಹೇಳುತ್ತೇನೆ. ಅವಳು ಕಷ್ಟಪಡಬಾರದು ಅಂತ ನೀವು ಹೇಳುತ್ತೀರಿ. ಹಾಗಾದರೆ ಮದುವೆಗೆ ಮುಂಚೆ ಅವಳ ಕೈಲಿ ಆಸ್ತಿಯಲ್ಲಿ ಪಾಲು ಬೇಡ ಅನ್ನೋ ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಬೇಕು ಅನ್ನೋ ಮಾತು ಯಾಕೆ ಬಂತು? ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ 2005ರಲ್ಲೇ ಕಾನೂನು ಬದಲಾಗಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಖಚಿತ ಮಾಡಿದೆ. ಅವಳ ಪಾಲು ಅವಳಿಗೆ ಕೊಟ್ಟರೆ ಎರಡು ಎಕರೆ ಹುಡುಗನ ಜೊತೆಗೂ ನೆಮ್ಮದಿಯಾಗಿ ಇರುತ್ತಾಳೆ. ಪಾಲೂ ಕೊಡಲ್ಲ, ಇಷ್ಟಪಟ್ಟವನನ್ನೂ ಬಿಡು ಅಂದರೆ ಅವಳಿಗೆ ಉಳಿಯೋದೇನು ಹೇಳಿ?

ಆ ಹುಡುಗನನ್ನು ನಾನು ನೋಡಿದ್ದೇನೆ. ಹೋದ ಮಳೆಗಾಲದಲ್ಲಿ ಚಿಕ್ಕಪ್ಪನನ್ನು ಮಡಿಕೇರಿ ಆಸ್ಪತ್ರೆಗೆ ಸೇರಿಸಿದಾಗ ಔಷಧಿ ಚೀಟಿ ಹಿಡಿದು ಓಡಾಡಿದ್ದು, ರಾತ್ರಿ ಬೆಂಚಿನ ಮೇಲೆ ಕೂತಿದ್ದು ಅವನೇ. ಪುಟ್ಟಿ ಹತ್ತಿರ ಮಾತಾಡುವಾಗ ದನಿ ಎತ್ತಲ್ಲ.

ಸುಮ್ನೆ ಜಗಳ ಬೇಡ ದೊಡ್ಡಪ್ಪ. ಭಾನುವಾರ ಅವನ ಅಪ್ಪ ಅಮ್ಮನನ್ನು ಬರಹೇಳೋಣ, ನೀವೇ ಕೂತು ಮಾತಾಡಿ. ಪುಟ್ಟಿಯೂ ಅಲ್ಲೇ ಇರಲಿ, ಒಳಗೆ ಕಳಿಸಬೇಡಿ. ಚಿಕ್ಕಮ್ಮ, ನೀವೂ ಕೇಳಿಸಿಕೊಂಡಿರಿ ಅಂತ ಗೊತ್ತು, ನಿಮ್ಮ ಮಗಳ ವಿಷಯ, ನೀವೂ ಬಾಯಿ ಬಿಟ್ಟು ಹೇಳಿ.